ನಿಖರತೆಗೆ ಎಲ್ಲಿ ಬೆಲೆ ತೆರಬೇಕು? – ಬಹುತರಂಗಾಂತರ ಸಂವಹನಕ್ಕೆ ಕೈಗೆಟುಕುವ ಲೇಸರ್



ಇಂದಿನ ಉಪನ್ಯಾಸದ ವಸ್ತು ಒಂದು ರಾಗಿ ಕಾಳಿಗಿಂತ ಚಿಕ್ಕದು. ದೂರಸಂಪರ್ಕದಲ್ಲಿ ಬಳಸುವ ಅರೆವಾಹಕ ಲೇಸರ್‌ನ ಚಿಪ್ ಉದ್ದಗಲದಲ್ಲಿ ಮಿಲಿಮೀಟರಿನ ಮೂರನೆಯ ಒಂದು ಪಾಲು, ದಪ್ಪದಲ್ಲಿ ಹತ್ತನೆಯ ಒಂದು ಪಾಲು ಇರುತ್ತದೆ. ನಮ್ಮ ಫೋನಿನ ಮಾತು, ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಚಿತ್ರ ಎಲ್ಲವೂ ಒಂದಲ್ಲ ಒಂದು ಹಂತದಲ್ಲಿ ಇಂಥ ಕಾಳಿನಿಂದ ಹೊರಟ ಬೆಳಕನ್ನೇರಿಯೇ ಸಾಗಬೇಕು. ಒಂದೇ ಗಾಜಿನ ಎಳೆಯಲ್ಲಿ ಹತ್ತಾರು ಬಣ್ಣಗಳ ಬೆಳಕನ್ನು ಏಕಕಾಲಕ್ಕೆ ಕಳಿಸುವ ವಿದ್ಯೆ ನಮಗೆ ಸಿದ್ಧಿಸಿ ದಶಕಗಳೇ ಆಗಿವೆ. ಆದರೆ ಆ ವಿದ್ಯೆ ಖಂಡಗಳನ್ನು ಜೋಡಿಸಿದಷ್ಟು ಸಲೀಸಾಗಿ ಮನೆಬಾಗಿಲನ್ನು ಮುಟ್ಟಿಲ್ಲ. ಅದಕ್ಕೆ ಕಾರಣ ಬೆಲೆ. ಈ ಬೆಲೆ ಎಲ್ಲಿಂದ ಹುಟ್ಟುತ್ತದೆ, ಅದನ್ನು ಇಳಿಸುವುದು ಯಾವ ಬಗೆಯ ಕೆಲಸ ಎಂಬುದನ್ನು ಇಲ್ಲಿ ವಿಚಾರ ಮಾಡುತ್ತೇನೆ. ನನ್ನ ವಾದವನ್ನು ಮೊದಲಿಗೇ ಹೇಳಿಬಿಡುತ್ತೇನೆ. ನಿಖರತೆಯ ಹೊರೆಯನ್ನು ವ್ಯವಸ್ಥೆಯಲ್ಲಿ ಯಾರ ಮೇಲೆ ಹೊರಿಸಬೇಕು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಂಡಾಗ ಮಾತ್ರ ಲೇಸರ್ ಅಗ್ಗವಾಗುತ್ತದೆ. ಗುಣಮಟ್ಟ ಇಳಿಸಿ ಪಡೆದ ಅಗ್ಗ ಬಾಳುವುದಿಲ್ಲ. ಹೊರೆಯನ್ನು ಸರಿಯಾಗಿ ಹಂಚಿ ಪಡೆದ ಅಗ್ಗ ಬಾಳುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ನೋಡೋಣ. 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಹಾಲ್ ತಂಡ ಬೆಳಗಿಸಿದ ಅರೆವಾಹಕ ಲೇಸರ್‌ಗೆ ದ್ರವ ಸಾರಜನಕದ ಚಳಿ ಬೇಕಿತ್ತು. ಬೆಳಕು ಬರುತ್ತಿದ್ದುದೂ ತುಣುಕು ತುಣುಕಾಗಿ. 1970ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಆಲ್ಫೆರೋವ್ ತಂಡವೂ ಬೆಲ್ ಪ್ರಯೋಗಾಲಯದಲ್ಲಿ ಹಯಾಶಿ ಮತ್ತು ಪ್ಯಾನಿಶ್ ಅವರೂ ಕೋಣೆಯ ಉಷ್ಣತೆಯಲ್ಲೇ ಎಡೆಬಿಡದೆ ಬೆಳಗುವ ಲೇಸರ್ ಮಾಡಿದರು. ಅದೇ ವರ್ಷ ಕಾರ್ನಿಂಗ್ ಕಂಪನಿಯಲ್ಲಿ ಬೆಳಕನ್ನು ಹೆಚ್ಚು ನುಂಗದ ಗಾಜಿನ ಎಳೆಯೂ ತಯಾರಾಯಿತು. ಇಂಥ ಎಳೆ ಸಾಧ್ಯವೆಂದು ಚಾರ್ಲ್ಸ್ ಕಾವ್ ಮತ್ತು ಹಾಕ್‌ಹ್ಯಾಮ್ 1966ರಲ್ಲೇ ವಾದಿಸಿದ್ದರು. ಇಂದಿನ ಫೈಬರ್‌ನಲ್ಲಿ 1550 ನ್ಯಾನೊಮೀಟರ್ ತರಂಗಾಂತರದ ಬೆಳಕು 50 ಕಿಲೋಮೀಟರ್ ಸಾಗಿದ ಮೇಲೂ ಹತ್ತರಲ್ಲಿ ಒಂದು ಪಾಲು ಉಳಿದಿರುತ್ತದೆ. ಇಷ್ಟು ನಿರ್ಮಲವಾದ ದಾರಿ ಸಿಕ್ಕಾಗ ಅದರಲ್ಲಿ ಒಂದೇ ಗಾಡಿ ಓಡಿಸುವುದು ದಂಡವೆಂದು ತೋರಿದ್ದು ಸಹಜ. ಬೇರೆಬೇರೆ ತರಂಗಾಂತರದ ಲೇಸರ್‌ಗಳ ಬೆಳಕನ್ನು ಈ ತುದಿಯಲ್ಲಿ ಕೂಡಿಸಿ ಆ ತುದಿಯಲ್ಲಿ ಫಿಲ್ಟರ್‌ಗಳಿಂದ ಬಿಡಿಸಿಕೊಂಡರೆ ಒಂದು ಎಳೆ ಹತ್ತು, ನಲವತ್ತು, ಎಂಬತ್ತು ಎಳೆಗಳ ಕೆಲಸ ಮಾಡುತ್ತದೆ. ಷರತ್ತು ಒಂದೇ: ಪ್ರತಿ ಲೇಸರ್ ತನಗೆ ಗೊತ್ತುಮಾಡಿದ ಶ್ರುತಿಯಲ್ಲೇ ನಿಲ್ಲಬೇಕು.

ಈ ಷರತ್ತಿಗೆ ನಾವು ಎಷ್ಟು ತೆರುತ್ತೇವೆ ಎಂದು ಲೆಕ್ಕ ಹಾಕೋಣ. ಲೇಸರ್ ಮಾಡುವ ಇಂಡಿಯಂ ಫಾಸ್ಫೈಡ್ ಹರಳಿನ ವೇಫರ್ ದುಬಾರಿ ವಸ್ತುವೇ. ಆದರೆ ಎರಡು ಅಂಗುಲ ವ್ಯಾಸದ ಒಂದು ವೇಫರ್‌ನ ವಿಸ್ತೀರ್ಣ ಸುಮಾರು 2000 ಚದರ ಮಿಲಿಮೀಟರ್. ಕಾಲು ಮಿಲಿಮೀಟರ್ ಅಗಲ, 0.3 ಮಿಲಿಮೀಟರ್ ಉದ್ದದ ಚಿಪ್‌ಗಳಾಗಿ ಕತ್ತರಿಸಿದರೆ ಅಂಚಿನ ನಷ್ಟ ಕಳೆದೂ ಇಪ್ಪತ್ತು ಸಾವಿರದಷ್ಟು ಚಿಪ್‌ಗಳಿಗೆ ಜಾಗವಿದೆ. ಹರಳಿನ ಬೆಲೆ ಇಷ್ಟೂ ಚಿಪ್‌ಗಳಿಗೆ ಹಂಚಿಹೋಗುತ್ತದೆ. ಚಿಪ್ ಬಿಡಿಯಾದ ಮೇಲೆ ಶುರುವಾಗುವ ಖರ್ಚು ಮಾತ್ರ ಹಂಚಿಹೋಗುವುದಿಲ್ಲ. ಲೇಸರ್‌ನಿಂದ ಹೊರಬೀಳುವ ಬೆಳಕಿನ ಚುಕ್ಕೆ ಒಂದೆರಡು ಮೈಕ್ರಾನ್. ಅದನ್ನು ಬರಮಾಡಿಕೊಳ್ಳುವ ಫೈಬರ್‌ನ ತಿರುಳು ಹತ್ತು ಮೈಕ್ರಾನ್ ಒಳಗೆ. ಇವೆರಡನ್ನೂ ಲೆನ್ಸ್ ಮೂಲಕ ಎದುರುಬದುರು ಕೂರಿಸಲು ಲೇಸರ್ ಹೊತ್ತಿಸಿ, ಆಚೆ ತುದಿಯಲ್ಲಿ ಬೆಳಕನ್ನು ಅಳೆಯುತ್ತಾ, ಮೈಕ್ರಾನಿನ ಭಾಗದಷ್ಟು ಆಚೀಚೆ ಸರಿಸುತ್ತಾ, ಬೆಳಕು ಅತಿ ಹೆಚ್ಚು ಬಿದ್ದ ಕ್ಷಣದಲ್ಲಿ ಬೆಸೆಯಬೇಕು. ಬೆಸೆಯುವಾಗ ಲೋಹ ಕುಗ್ಗಿ ಸ್ಥಾನ ತಪ್ಪಿದರೆ ಮತ್ತೆ ಸರಿಪಡಿಸಬೇಕು. ಅದರ ಮೇಲೆ ಗಾಳಿಯಾಡದ ಚಿನ್ನಲೇಪಿತ ಪೆಟ್ಟಿಗೆ, ಒಳಗೆ ಉಷ್ಣಮಾಪಕ, ಪೆಲ್ಟಿಯರ್ ತಂಪುಕಾರಕ, ತರಂಗಾಂತರ ಕಾಯುವ ಪುಟ್ಟ ಗಾಜಿನ ಏರ್ಪಾಡು, ಕೊನೆಗೆ ಒಂದೊಂದನ್ನೂ ಬಿಸಿಮಾಡಿ ತಣಿಸಿ ನೋಡುವ ಪರೀಕ್ಷೆ. ಇವೆಲ್ಲ ಬಿಡಿಬಿಡಿಯಾಗಿ ನಡೆಯುವ ಕೆಲಸಗಳು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಹಾಗಾಗಿ ಚಿಪ್ ಅನ್ನು ಅಗ್ಗ ಮಾಡುವುದಕ್ಕಿಂತ, ದುಬಾರಿ ಪೆಟ್ಟಿಗೆ ಬೇಡದಂಥ ಚಿಪ್ ಮಾಡುವುದೇ ವಿನ್ಯಾಸಕಾರನ ನಿಜವಾದ ಕೆಲಸ.

ಇಷ್ಟೆಲ್ಲ ಕಾವಲು ಏಕೆ ಬೇಕಾಯಿತು? ಬಹುತರಂಗಾಂತರಕ್ಕೆ ಒಗ್ಗುವ ಲೇಸರ್‌ನಲ್ಲಿ ಬೆಳಕು ಹರಿಯುವ ಪದರದ ಉದ್ದಕ್ಕೂ ಗರಗಸದ ಹಲ್ಲಿನಂತೆ ಸಣ್ಣ ಏರಿಳಿತಗಳನ್ನು ಕೆತ್ತಿರುತ್ತಾರೆ. ಕೋಗೆಲ್ನಿಕ್ ಮತ್ತು ಶ್ಯಾಂಕ್ 1970ರ ದಶಕದ ಮೊದಲಲ್ಲಿ ಮುಂದಿಟ್ಟ ಈ ಹಂಚಿಕೆಯ ಮರುಪ್ರತಿಫಲನದ ಲೇಸರ್‌ಗೆ ಡಿಎಫ್‌ಬಿ ಎಂದು ಹೆಸರು. ಹಲ್ಲುಗಳ ಅಂತರವೇ ತರಂಗಾಂತರವನ್ನು ನಿರ್ಧರಿಸುತ್ತದೆ: 1550 ನ್ಯಾನೊಮೀಟರ್ ಬೆಳಕಿಗೆ ಆ ಅಂತರ ಸುಮಾರು 240 ನ್ಯಾನೊಮೀಟರ್. ಹರಳು ಬಿಸಿಯಾದಾಗ ಅದರ ವಕ್ರೀಭವನಾಂಕ ಬದಲಾಗಿ ಲೇಸರ್‌ನ ಶ್ರುತಿ ಏರುಪೇರಾಗುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.1 ನ್ಯಾನೊಮೀಟರ್. ಸಣ್ಣ ಸಂಖ್ಯೆಯಂತೆ ಕಂಡರೂ, ದಟ್ಟ ಬಹುತರಂಗಾಂತರ ವ್ಯವಸ್ಥೆಯಲ್ಲಿ ಪಕ್ಕಪಕ್ಕದ ವಾಹಿನಿಗಳ ನಡುವಿನ ದೂರ ಸಾಮಾನ್ಯವಾಗಿ 100 ಗಿಗಾಹರ್ಟ್ಸ್, ಅಂದರೆ ಸುಮಾರು 0.8 ನ್ಯಾನೊಮೀಟರ್. ಎಂಟು ಡಿಗ್ರಿ ಸೆಕೆ ಹೆಚ್ಚಾದರೆ ಲೇಸರ್ ನೆರೆಮನೆಯೊಳಗೇ ಕಾಲಿಟ್ಟುಬಿಡುತ್ತದೆ. ಆದ್ದರಿಂದಲೇ ತಂಪುಕಾರಕ. ಸುತ್ತಲಿನ ಸೆಕೆ ಹೆಚ್ಚಿದಂತೆ ಅದು ಉಣ್ಣುವ ವಿದ್ಯುತ್ತು ಲೇಸರ್ ಉಣ್ಣುವುದರ ಹಲವು ಪಟ್ಟಾಗುತ್ತದೆ.

ಹೊರೆಯನ್ನು ಬೇರೆಡೆ ಇಳಿಸಬಹುದು ಎಂಬುದಕ್ಕೆ ಮೊದಲ ಸಾಕ್ಷ್ಯ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಒಂದು ಮಾನಕದಲ್ಲಿದೆ. 2002ರಲ್ಲಿ ಬಂದ ಜಿ.694.2 ಎಂಬ ಈ ಮಾನಕ ವಿರಳ ಬಹುತರಂಗಾಂತರಕ್ಕೆ, ಅಂದರೆ ಸಿಡಬ್ಲ್ಯುಡಿಎಂಗೆ, 20 ನ್ಯಾನೊಮೀಟರ್ ಅಂತರದ ವಾಹಿನಿಗಳನ್ನು ಗೊತ್ತುಮಾಡಿತು. ಇಂದಿನ ಪಟ್ಟಿಯಲ್ಲಿ 1271ರಿಂದ 1611ರವರೆಗೆ ಹದಿನೆಂಟು ವಾಹಿನಿಗಳಿವೆ. 20 ಎಂಬುದು ಮನಸ್ಸಿಗೆ ಬಂದ ಸಂಖ್ಯೆಯಲ್ಲ. ಸೊನ್ನೆಯಿಂದ 70 ಡಿಗ್ರಿವರೆಗೆ ಉಷ್ಣತೆ ಏರಿಳಿದರೆ ಡಿಎಫ್‌ಬಿ ಲೇಸರ್ 7 ನ್ಯಾನೊಮೀಟರ್ ಅಲೆಯುತ್ತದೆ. ಕಾರ್ಖಾನೆಯಲ್ಲಿ ಆಗುವ ಆಚೀಚೆ 3 ನ್ಯಾನೊಮೀಟರ್ ವ್ಯತ್ಯಾಸಕ್ಕೆ ಇನ್ನೊಂದು 6. ಒಟ್ಟು 13. ಉಳಿದ 7 ನ್ಯಾನೊಮೀಟರ್‌ನಲ್ಲಿ ಫಿಲ್ಟರ್‌ನ ಅಂಚು ನಿಧಾನವಾಗಿ ಇಳಿಯಬಹುದು, ಆದ್ದರಿಂದ ಫಿಲ್ಟರ್ ಕೂಡ ಅಗ್ಗ. ಇಲ್ಲಿ ಲೇಸರ್ ಬಿಸಿಲಿಗೆ ಅಲೆದಾಡಿದರೂ ತನ್ನ ಹೊಲದ ಬದುವಿನೊಳಗೇ ಇರುತ್ತದೆ. ತಂಪುಕಾರಕ, ಕಾವಲು, ಚಿನ್ನದ ಪೆಟ್ಟಿಗೆ ಮೂರನ್ನೂ ಬಿಡಬಹುದು. ಮನೆಮನೆಯ ಫೈಬರ್‌ನಲ್ಲಿ ಬಳಕೆಯಾಗುವ ಜಿಪಾನ್ ಮಾನಕವೂ ಇದೇ ಜಾಣ್ಮೆ ತೋರಿತ್ತು. ಮನೆಯಿಂದ ಕೇಂದ್ರಕ್ಕೆ ಹೋಗುವ ಬೆಳಕಿಗೆ ಅದು ಮೊದಲು 1260ರಿಂದ 1360ರವರೆಗೆ ಇಡೀ 100 ನ್ಯಾನೊಮೀಟರ್ ಬಯಲನ್ನೇ ಬಿಟ್ಟುಕೊಟ್ಟಿತು. ಅತಿ ಸರಳ ಲೇಸರ್ ಕೂಡ ಆ ಬಯಲಿನಲ್ಲಿ ಎಲ್ಲಿ ನಿಂತರೂ ನಡೆಯುತ್ತಿತ್ತು. ಮಾನಕ ಬರೆಯುವವರ ಕಾಗದದ ಮೇಲಿನ ಒಂದು ಗೆರೆ ಕೋಟ್ಯಂತರ ಪೆಟ್ಟಿಗೆಗಳ ಬೆಲೆಯನ್ನು ನಿರ್ಧರಿಸುತ್ತದೆ.

ಆದರೆ ಬಯಲು ಅಗಲವಾದರೆ ಸಾಲದು, ಲೇಸರ್ ಸೆಕೆಯಲ್ಲಿ ಬೆಳಗುತ್ತಲೂ ಇರಬೇಕು. ಲೇಸರ್ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ವಿದ್ಯುತ್ ಉಷ್ಣತೆಯೊಡನೆ ಘಾತೀಯವಾಗಿ ಏರುತ್ತದೆ. ಆ ಏರಿಕೆಯ ವೇಗವನ್ನು ಒಂದು ಲಾಕ್ಷಣಿಕ ಉಷ್ಣತೆಯಿಂದ ಅಳೆಯುತ್ತಾರೆ; ಅದು ಹೆಚ್ಚಿದಷ್ಟೂ ಏರಿಕೆ ನಿಧಾನ. ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್, ರಂಜಕ ಸೇರಿದ ಹಳೆಯ ಮಿಶ್ರಣದಲ್ಲಿ ಅದು ಸುಮಾರು 60 ಕೆಲ್ವಿನ್. ಅಂದರೆ 25 ಡಿಗ್ರಿಯಿಂದ 85 ಡಿಗ್ರಿಗೆ ಹೋದರೆ ಕನಿಷ್ಠ ವಿದ್ಯುತ್ ಎರಡೂ ಮುಕ್ಕಾಲು ಪಟ್ಟಾಗುತ್ತದೆ. ಆ ಸೆಕೆಯಲ್ಲಿ ಎಲೆಕ್ಟ್ರಾನುಗಳು ತಾವಿರಬೇಕಾದ ತೆಳು ಪದರದಿಂದ ಉಕ್ಕಿ ಹೊರಬೀಳುವುದು ಇದರ ಕಾರಣಗಳಲ್ಲಿ ಒಂದು. ಬೆಲ್‌ಕೋರ್ ಸಂಸ್ಥೆಯ ಚುಂಗ್-ಎನ್ ಝಾ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ರಂಜಕದ ಬದಲು ಅಲ್ಯೂಮಿನಿಯಂ ಸೇರಿಸಿದರು. ಈ ಮಿಶ್ರಣದಲ್ಲಿ ಎಲೆಕ್ಟ್ರಾನುಗಳನ್ನು ತಡೆಯುವ ಗೋಡೆ ಎತ್ತರವಾಗಿರುತ್ತದೆ: ಪದರಗಳ ನಡುವಿನ ಶಕ್ತಿಯ ಅಂತರದಲ್ಲಿ ಹತ್ತರಲ್ಲಿ ನಾಲ್ಕು ಪಾಲಿನ ಬದಲು ಏಳು ಪಾಲು ಎಲೆಕ್ಟ್ರಾನಿನ ಗೋಡೆಗೇ ಸಿಗುತ್ತದೆ. ಲಾಕ್ಷಣಿಕ ಉಷ್ಣತೆ 90 ಕೆಲ್ವಿನ್‌ಗೆ ಏರಿದರೆ ಅದೇ ಸೆಕೆಯಲ್ಲಿ ಕನಿಷ್ಠ ವಿದ್ಯುತ್ ಎರಡು ಪಟ್ಟಿಗೂ ಕಡಿಮೆ. ಆ ಲೇಖನದ ಶೀರ್ಷಿಕೆಯಲ್ಲೇ ತಂಪುಕಾರಕವಿಲ್ಲದ ಲೇಸರ್ ಎಂಬ ಮಾತೂ, ಗ್ರಾಹಕರ ಮನೆಗೆ ಹೋಗುವ ಜಾಲಕ್ಕೆ ಎಂಬ ಗುರಿಯೂ ಇತ್ತು. ಪೆಟ್ಟಿಗೆಗೆ ಹೋಗುತ್ತಿದ್ದ ಖರ್ಚನ್ನು ಹರಳು ಬೆಳೆಸುವ ಕುಲುಮೆಯಲ್ಲಿ ಒಮ್ಮೆ ತೀರಿಸಿದರೆ ವೇಫರ್‌ನ ಇಪ್ಪತ್ತು ಸಾವಿರ ಚಿಪ್‌ಗಳಿಗೂ ಅದರ ಫಲ ಸಿಗುತ್ತದೆ.

ಎರಡನೆಯ ಸಾಕ್ಷ್ಯ ಹಲ್ಲು ಕೆತ್ತುವ ಕೆಲಸದಲ್ಲಿದೆ. ಡಿಎಫ್‌ಬಿ ಚಿಪ್‌ನ ತುದಿಯನ್ನು ಹರಳಿನ ಸಹಜ ಸೀಳಿನ ಗುಂಟ ಮುರಿದು ಕನ್ನಡಿಯಂತೆ ಮಾಡುತ್ತಾರೆ. ಮುರಿತ ಒಂದು ಮೈಕ್ರಾನ್ ಆಚೀಚೆ ಆಗುವುದು ತಪ್ಪದು. ಹಲ್ಲಿನ ಅಂತರವಾದರೋ ಮೈಕ್ರಾನಿನ ಕಾಲು ಭಾಗ. ಮುರಿತ ಹಲ್ಲಿನ ನೆತ್ತಿಯಲ್ಲಿ ಬಿತ್ತೋ ಬುಡದಲ್ಲಿ ಬಿತ್ತೋ ಎಂಬುದು ಯಾರ ಕೈಯಲ್ಲೂ ಇಲ್ಲ. ಅದರಿಂದಾಗಿ ಒಂದೇ ವೇಫರ್‌ನ ಕೆಲವು ಚಿಪ್‌ಗಳು ಒಂದೇ ಶ್ರುತಿಯಲ್ಲಿ ಹಾಡುತ್ತವೆ, ಕೆಲವು ಎರಡು ಶ್ರುತಿಗಳ ನಡುವೆ ತೂಗಾಡುತ್ತವೆ. ನಡುವಿನಲ್ಲಿ ಕಾಲು ತರಂಗದಷ್ಟು ಜಾರಿಸಿ ಹಲ್ಲು ಕೆತ್ತಿದರೆ ಈ ದೋಷ ನೀಗುತ್ತದೆ, ಆದರೆ ಅದಕ್ಕೆ ಎಲೆಕ್ಟ್ರಾನ್ ಕಿರಣದಿಂದ ಗೆರೆಗೆರೆಯಾಗಿ ಬರೆಯುವ ನಿಧಾನದ ಯಂತ್ರ ಬೇಕು. ಚೀನಾದ ನಾನ್‌ಜಿಂಗ್ ವಿಶ್ವವಿದ್ಯಾಲಯದ ಶಿಯಾಂಗ್‌ಫೆಯ್ ಚೆನ್ ತಂಡ ಇದಕ್ಕೆ ಬೇರೆ ದಾರಿ ಹಿಡಿಯಿತು. ಇಡೀ ವೇಫರ್ ಮೇಲೆ ಒಂದೇ ಅಂತರದ ಸೂಕ್ಷ್ಮ ಹಲ್ಲುಗಳನ್ನು ಎರಡು ಬೆಳಕಿನ ಕಿರಣಗಳ ಹೆಣಿಗೆಯಿಂದ ಒಮ್ಮೆಗೇ ಮೂಡಿಸುವುದು. ಅದರ ಮೇಲೆ ಕೆಲವು ಮೈಕ್ರಾನ್ ಅಂತರದ ಇನ್ನೊಂದು ದೊಡ್ಡ ವಿನ್ಯಾಸವನ್ನು ಸಾಮಾನ್ಯ ಫೋಟೊ ಮುದ್ರಣದಿಂದ ಹೊದಿಸುವುದು. ಪ್ರತಿ ಲೇಸರ್‌ನ ತರಂಗಾಂತರವನ್ನೂ ನಡುವಿನ ಜಾರಿಕೆಯನ್ನೂ ದೊಡ್ಡ ವಿನ್ಯಾಸವೇ ತೀರ್ಮಾನಿಸುತ್ತದೆ. ಅದರಲ್ಲಾದ ತಪ್ಪು ತರಂಗಾಂತರಕ್ಕೆ ದಾಟುವಾಗ ಸುಮಾರು ನೂರು ಪಟ್ಟು ಕುಗ್ಗಿಹೋಗುತ್ತದೆ. ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನ ಸಂಶೋಧಕರು ಇನ್ನೂ ಸರಳವಾದುದನ್ನು ಮಾಡಿ ತೋರಿಸಿದರು. ಹರಳನ್ನು ಒಂದೇ ಸಲ ಬೆಳೆಸಿ, ಮೇಲ್ಮೈಯಲ್ಲಿ ಸುಮಾರು 9 ಮೈಕ್ರಾನಿಗೊಂದರಂತೆ ಒಂದು ಮೈಕ್ರಾನ್ ಅಗಲದ ಕಚ್ಚುಗಳನ್ನು ಹಾಕಿದರು. 240ರ ಬದಲು 9000 ನ್ಯಾನೊಮೀಟರ್. ಲೆಕ್ಕದಲ್ಲಿ ಇದು 37ನೇ ಕ್ರಮದ ಗ್ರೇಟಿಂಗ್, ಅಂದರೆ ಮಾಮೂಲಿ ಅಂತರದ 37 ಪಟ್ಟು ಅಂತರವಿರುವ ಹಲ್ಲುಸಾಲು. ಕುಲುಮೆಗೆ ಎರಡನೆಯ ಸಲ ಹಾಕುವ ಅಗತ್ಯವಿಲ್ಲ, ಎಲೆಕ್ಟ್ರಾನ್ ಕಿರಣವೂ ಬೇಡ. ಕಚ್ಚುಗಳಲ್ಲಿ ಒಂದಿಷ್ಟು ಬೆಳಕು ಚದುರಿ ಹೋಗುತ್ತದೆ, ಅದೇ ಇದರ ತೆರಿಗೆ. ಎರಡು ಉದಾಹರಣೆಗಳೂ ಹೇಳುವುದು ಒಂದನ್ನೇ: ನಿಖರತೆಯನ್ನು ಜ್ಯಾಮಿತಿಗೆ ಒಪ್ಪಿಸಿದರೆ ಒರಟು ಉಪಕರಣವೂ ಸೂಕ್ಷ್ಮ ಕೆಲಸ ಮಾಡುತ್ತದೆ.

ಮೂರನೆಯ ಸಾಕ್ಷ್ಯ ಜಾಲದ ಕೇಂದ್ರದಲ್ಲಿದೆ. ನೂರು ಮನೆಗಳಿಗೆ ನೂರು ತರಂಗಾಂತರ ಕೊಡಬೇಕಾದರೆ ನೂರು ಬಗೆಯ ಲೇಸರ್‌ಗಳನ್ನು ದಾಸ್ತಾನಿಡಬೇಕೆ? ಕೊರಿಯಾದ ಕೈಸ್ಟ್ ಸಂಸ್ಥೆಯ ಚಾಂಗ್-ಹೀ ಲೀ ತಂಡ 2000ದಲ್ಲಿ ಇದಕ್ಕೆ ಬೇಡ ಎಂಬ ಉತ್ತರ ಕೊಟ್ಟಿತು. ಎಲ್ಲ ಮನೆಗೂ ಒಂದೇ ಬಗೆಯ, ತನ್ನದೇ ಶ್ರುತಿಯಿಲ್ಲದ ಸರಳ ಲೇಸರ್. ಅಗಲ ಪಟ್ಟಿಯ ಬೆಳಕಿನ ಒಂದು ಮೂಲವನ್ನು ಕೇಂದ್ರದಲ್ಲಿಟ್ಟು, ಅದರ ಒಂದೊಂದು ಸೀಳನ್ನು ಒಂದೊಂದು ಮನೆಗೆ ಕಳಿಸಿದರೆ, ಆ ಮನೆಯ ಲೇಸರ್ ತನಗೆ ಬಂದ ಸೀಳಿಗೇ ಕಟ್ಟುಬಿದ್ದು ಅದೇ ತರಂಗಾಂತರದಲ್ಲಿ ಉತ್ತರಿಸುತ್ತದೆ. ತಂಬೂರಿಯನ್ನು ಒಬ್ಬರು ಮೀಟಿದರೆ ಸಾಕು, ಹಾಡುವವರೆಲ್ಲ ಆ ಶ್ರುತಿಗೆ ಸೇರಿಕೊಳ್ಳುತ್ತಾರೆ. ಇದಕ್ಕೆ ವಿರುದ್ಧ ದಿಕ್ಕಿನ ಪಾಠವೂ ಉಂಟು. ಅಂತಾರಾಷ್ಟ್ರೀಯ ಒಕ್ಕೂಟದ ಎನ್‌ಜಿ-ಪಾನ್2 ಮಾನಕ ನಾಲ್ಕು ತರಂಗಾಂತರಗಳನ್ನು ಜೋಡಿಸಿ, ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಶ್ರುತಿ ಬದಲಿಸಬಲ್ಲ ಲೇಸರ್ ಇರಬೇಕೆಂದು ಕೇಳಿತು. ತಂತ್ರಜ್ಞಾನ ಸೊಗಸಾಗಿತ್ತು, ಆದರೆ ಹೊರೆಯನ್ನು ಮನೆಯ ಮೇಲೆ ಹೊರಿಸಿತ್ತು. 2016ರಲ್ಲಿ ಒಂದೇ ಜೋಡಿ ತರಂಗಾಂತರದ ಎಕ್ಸ್‌ಜಿಎಸ್-ಪಾನ್ ಬಂದಾಗ ಹೆಚ್ಚಿನ ದೂರಸಂಪರ್ಕ ಕಂಪನಿಗಳು ಅದರ ಕಡೆಗೇ ವಾಲಿದವು.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು: ಹದಿನೆಂಟು ವಾಹಿನಿಗಳಿಗೆ ಇಷ್ಟು ಜಾಗ ಬಿಟ್ಟರೆ ಫೈಬರ್‌ನ ಸಾಮರ್ಥ್ಯ ಪೋಲಾಗುವುದಿಲ್ಲವೆ? ಖಂಡಿತ ಪೋಲಾಗುತ್ತದೆ. ಜೊತೆಗೆ ಇನ್ನೊಂದು ಗಂಭೀರ ಮಿತಿಯಿದೆ. 1987ರಲ್ಲಿ ಸೌತಾಂಪ್ಟನ್‌ನ ಡೇವಿಡ್ ಪೇನ್ ತಂಡ ತೋರಿಸಿದ ಎರ್ಬಿಯಂ ಫೈಬರ್ ವರ್ಧಕ ಮುಖ್ಯವಾಗಿ 1530ರಿಂದ 1565 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಹೆಚ್ಚಿಸುತ್ತದೆ. ಆ ಪಟ್ಟಿಯಲ್ಲಿ ವಿರಳ ವ್ಯವಸ್ಥೆಯ ಎರಡೇ ವಾಹಿನಿಗಳು ಕೂರುತ್ತವೆ. ದಟ್ಟ ವ್ಯವಸ್ಥೆಯ ನಲವತ್ತು ಕೂರುತ್ತವೆ. ಆದ್ದರಿಂದ ಸಮುದ್ರದಾಳದ ಕೇಬಲ್‌ಗೆ, ರಾಜ್ಯ ರಾಜ್ಯಗಳ ನಡುವಿನ ಬೆನ್ನೆಲುಬಿಗೆ ತಂಪುಕಾರಕದ ದುಬಾರಿ ಲೇಸರೇ ಸರಿ. ಅಲ್ಲಿ ಒಂದು ಲೇಸರ್‌ನ ಬೆಲೆಯನ್ನು ಲಕ್ಷಾಂತರ ಜನ ಹಂಚಿಕೊಳ್ಳುತ್ತಾರೆ. ಮನೆಯ ಗೋಡೆಯ ಪೆಟ್ಟಿಗೆಯ ಲೇಸರ್‌ಗೆ ಹಂಚಿಕೊಳ್ಳುವವರು ಆ ಮನೆಯವರಷ್ಟೇ. ಎಷ್ಟು ಜನ ಹಂಚಿಕೊಳ್ಳುತ್ತಾರೆ ಎಂಬುದೇ ಎಷ್ಟು ನಿಖರತೆ ಕೊಳ್ಳಬಹುದು ಎಂಬುದನ್ನು ನಿರ್ಧರಿಸಬೇಕು. ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದರ ಎಲ್ಲೆಯನ್ನು ತೋರಿಸಿಕೊಡುತ್ತದೆ.

ಎರಡನೆಯ ಆಕ್ಷೇಪ: ಕೋಟಿಗಟ್ಟಲೆ ತಯಾರಿಸಿದರೆ ಯಾವ ವಸ್ತುವಿನ ಬೆಲೆಯೂ ಇಳಿಯುತ್ತದೆ, ವಿನ್ಯಾಸದ ಚಿಂತೆ ಏಕೆ? 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್‌ನ ಲೇಸರ್ ಅಗ್ಗವಾದದ್ದು ಹಾಗೇ ಅಲ್ಲವೆ ಎನ್ನುತ್ತಾರೆ. ಆ ಉದಾಹರಣೆಯನ್ನು ಹತ್ತಿರದಿಂದ ನೋಡಬೇಕು. ಡಿಸ್ಕ್ ತಿರುಗುವಾಗ ಏಳುತ್ತದೆ, ಬೀಳುತ್ತದೆ, ಪಕ್ಕಕ್ಕೆ ವಾಲುತ್ತದೆ. ಅದನ್ನು ತಡೆಯಲು ನಿಖರವಾದ ಡಿಸ್ಕನ್ನಾಗಲಿ ನಿಖರವಾದ ಲೇಸರನ್ನಾಗಲಿ ಮಾಡಲಿಲ್ಲ. ಸಣ್ಣ ತಂತಿಸುರುಳಿಯೊಂದು ಲೆನ್ಸನ್ನು ಕ್ಷಣಕ್ಷಣಕ್ಕೂ ಸರಿಸುತ್ತಾ ಡಿಸ್ಕನ್ನು ಹಿಂಬಾಲಿಸಿತು. ಹೊರೆ ಅಗ್ಗದ ಸುರುಳಿಗೆ ಹೋದದ್ದರಿಂದಲೇ ಕೋಟಿಗಟ್ಟಲೆ ತಯಾರಿಸುವುದು ಸಾಧ್ಯವಾಯಿತು. ಇತ್ತ ದಟ್ಟ ಬಹುತರಂಗಾಂತರದಲ್ಲಿ ಶ್ರುತಿ ಬದಲಿಸಲಾಗದ ಒಂದು ಲಕ್ಷ ಲೇಸರ್‌ಗಳಿಗೆ ಬೇಡಿಕೆಯಿದ್ದರೂ ಅದು ನಲವತ್ತು ಬಗೆಗಳಾಗಿ ಒಡೆದುಹೋಗುತ್ತದೆ. ಬೇಡಿಕೆ ಬೆಲೆಯನ್ನು ಇಳಿಸುತ್ತದೆ ನಿಜ. ಆದರೆ ಒಂದೇ ರೀತಿಯಲ್ಲಿ ಹೇರಳವಾಗಿ ಮಾಡಬಲ್ಲ ವಿನ್ಯಾಸ ಮೊದಲು ಇರಬೇಕು.

ಮೂರನೆಯ ಆಕ್ಷೇಪ ಇಂದಿನ ಉತ್ಸಾಹದಿಂದ ಬರುತ್ತದೆ: ಸಿಲಿಕಾನ್ ಮೇಲೆಯೇ ಬೆಳಕಿನ ಮಂಡಲಗಳನ್ನು ಮಾಡುವ ಕಾಲ ಬಂದಿರುವಾಗ ಈ ಹಳೆಯ ಲೆಕ್ಕವೇಕೆ? ಸಿಲಿಕಾನ್‌ನ ಶಕ್ತಿಪಟ್ಟಿಯ ರಚನೆ ಬೆಳಕು ಹೊಮ್ಮಿಸಲು ಒಗ್ಗುವುದಿಲ್ಲ. ಆದ್ದರಿಂದ ಇಂಟೆಲ್ ಮತ್ತು ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2006ರಲ್ಲಿ ತೋರಿಸಿದ ಮಿಶ್ರ ಲೇಸರ್‌ನಲ್ಲೂ ಬೆಳಕು ಕೊಟ್ಟದ್ದು ಇಂಡಿಯಂ ಫಾಸ್ಫೈಡ್ ಪದರವೇ. ಸಿಲಿಕಾನ್ ಅದಕ್ಕೆ ಅಂಟಿಕೊಂಡು ದಾರಿ ಮಾಡಿಕೊಟ್ಟಿತು. ಅಲ್ಲಿನ ದೊಡ್ಡ ಲಾಭ ಬೇರೆಯೇ. ಲೇಸರನ್ನೂ ಬೆಳಕಿನ ದಾರಿಯನ್ನೂ ಒಂದೊಂದಾಗಿ ಎದುರುಬದುರು ಕೂರಿಸುವ ಬದಲು ಇಡೀ ವೇಫರ್‌ಗೆ ಒಂದೇ ಮುದ್ರಣದಲ್ಲಿ ಕೂರಿಸಿದರು. ದತ್ತಾಂಶ ಕೇಂದ್ರಗಳಲ್ಲಿ ಎರಡು ಕಿಲೋಮೀಟರ್ ದೂರಕ್ಕೆ ಬಳಸುವ ಸಿಡಬ್ಲ್ಯುಡಿಎಂ4 ಸಾಧನಗಳು ಈ ದಾರಿಯಲ್ಲಿ ತಯಾರಾದಾಗಲೂ ಆರಿಸಿಕೊಂಡದ್ದು 1271, 1291, 1311, 1331 ಎಂಬ 20 ನ್ಯಾನೊಮೀಟರ್ ಅಂತರದ ವಾಹಿನಿಗಳನ್ನೇ. ಸಿಲಿಕಾನ್‌ನ ಸೂಕ್ಷ್ಮ ಉಂಗುರ ಫಿಲ್ಟರ್‌ಗಳೂ ಸೆಕೆಗೆ ಅಲೆಯುತ್ತವೆ. ಹೊಸ ವಸ್ತು ಬಂದರೂ ಪ್ರಶ್ನೆ ಹಳೆಯದೇ ಉಳಿದಿದೆ. ಕೊನೆಯ ಆಕ್ಷೇಪ ಬಾಳಿಕೆಯದು, ಅಗ್ಗದ ಲೇಸರ್ ಬೇಗ ಕೆಡುವುದಿಲ್ಲವೆ ಎಂಬುದು. ಇದಕ್ಕೆ ಚರಿತ್ರೆಯೇ ಉತ್ತರಿಸಿದೆ. 1970ರ ಮೊದಲ ಲೇಸರ್‌ಗಳು ಅಲ್ಪಾಯುಷಿಗಳು. ಹರಳಿನ ದೋಷಗಳಿಂದ ಕಪ್ಪು ಗೆರೆಗಳು ಬೆಳೆದು ಬೆಳಕನ್ನು ನುಂಗುವುದನ್ನು ಕಂಡುಹಿಡಿದು ಆ ದೋಷಗಳನ್ನು ನೀಗಿದ ಮೇಲೆ ಆಯುಷ್ಯ ಬೆಳೆಯಿತು. ಬಾಳಿಕೆ ಬಂದದ್ದು ಕಾರಣ ತಿಳಿದದ್ದರಿಂದ.

ಈ ವಿಚಾರ ನಮಗೆ ದೂರದ್ದಲ್ಲ. ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಇಂದು ಅದು ಭಾರತ್‌ನೆಟ್. ಅದರಲ್ಲಿ ಸಿ-ಡಾಟ್ ಸಂಸ್ಥೆ ರೂಪಿಸಿದ ಜಿಪಾನ್ ತಂತ್ರಜ್ಞಾನವೂ ಬಳಕೆಯಾಗಿದೆ. ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾದ ತೇಜಸ್ ನೆಟ್‌ವರ್ಕ್ಸ್ ಬಹುತರಂಗಾಂತರದ ಉಪಕರಣಗಳನ್ನು ಮಾಡುತ್ತದೆ; ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿ ಸಿಲಿಕಾನ್ ಬೆಳಕಿನ ಮಂಡಲಗಳ ಕೆಲಸ ನಡೆದಿದೆ. ಆದರೆ ಆ ಎಲ್ಲ ಪೆಟ್ಟಿಗೆಗಳೊಳಗಿನ ರಾಗಿ ಕಾಳಿನಂಥ ಲೇಸರ್ ಬಹುಪಾಲು ಹೊರದೇಶಗಳಿಂದಲೇ ಬರುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಸೆಕೆ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಂತ ತಗಡಿನ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು, ಜೊತೆಗೆ ವಿದ್ಯುತ್ತಿನ ಅಭಾವ. ಅಲ್ಲಿ ತಂಪುಕಾರಕವಿಲ್ಲದೆ, ಕಡಿಮೆ ವಿದ್ಯುತ್ತಿನಲ್ಲಿ ವರ್ಷಗಟ್ಟಲೆ ಬೆಳಗುವ ಲೇಸರ್ ಬೇಕೆಂಬುದು ನಮ್ಮ ನೆಲವೇ ಮುಂದಿಡುವ ವಿನ್ಯಾಸದ ಷರತ್ತು.

ವಿದ್ಯಾರ್ಥಿ ಮಿತ್ರರೆ, ಇದಕ್ಕೆಲ್ಲ ಕೋಟಿ ಕೋಟಿ ಹೂಡಿಕೆಯ ಕಾರ್ಖಾನೆ ಮೊದಲು ಬರಲಿ, ಆಮೇಲೆ ನೋಡೋಣ ಎನ್ನಬೇಡಿ. 20 ನ್ಯಾನೊಮೀಟರ್ ಅಂತರ ಕಾಗದದ ಮೇಲಿನ ಲೆಕ್ಕದಿಂದ ಹುಟ್ಟಿತು. 9 ಮೈಕ್ರಾನಿನ ಕಚ್ಚು ಜ್ಯಾಮಿತಿಯ ಯೋಚನೆಯಿಂದ ಹುಟ್ಟಿತು. ಕೇಂದ್ರದಿಂದ ಶ್ರುತಿ ಕಳಿಸುವ ಉಪಾಯ ಜಾಲದ ಚಿತ್ರವನ್ನು ಬೇರೆ ಥರ ಬಿಡಿಸಿದ್ದರಿಂದ ಹುಟ್ಟಿತು. ಈ ಮೂರೂ ನಮ್ಮ ತರಗತಿಗಳಲ್ಲಿ ಮಾಡಬಲ್ಲ ಯೋಚನೆಗಳು. ಒಂದು ಸಾಧನವನ್ನು ಕೈಗೆತ್ತಿಕೊಂಡಾಗ, ಇದು ಎಷ್ಟು ನಿಖರವಾಗಿರಬೇಕು ಎಂದು ಕೇಳುವ ಮೊದಲು, ಇದರ ನಿಖರತೆಯನ್ನು ಇನ್ನಾರು ಹೊರಬಲ್ಲರು, ಎಷ್ಟು ಜನರ ಪರವಾಗಿ ಹೊರಬಲ್ಲರು ಎಂದು ಕೇಳಿ. ಆ ಪ್ರಶ್ನೆಗೆ ಸಿಕ್ಕ ಒಳ್ಳೆಯ ಉತ್ತರವೇ ಕೊನೆಯ ಹಳ್ಳಿಯ ಕೊನೆಯ ಮನೆಗೆ ಬೆಳಕನ್ನು ಮುಟ್ಟಿಸುತ್ತದೆ.